ಕಾರವಾರ–ಮಾಜಾಳಿ, ಲೋಕಲ್

ನನ್ನ ಬಸ್ಸು ಗಡಿ ದಾಟುವುದಿಲ್ಲ.
ಮಾಜಾಳಿ ಗೇಟಿನ ಈಚೆ, ಸೋಡಾ ಅಂಗಡಿಯ ಎದುರು,
ಒಮ್ಮೆ ಮುಂದೆ, ಎರಡು ಸಲ ಹಿಂದೆ ಸರಿದು
ಹೊಂಡದಲ್ಲಿ ಎಮ್ಮೆ ಹೊರಳಿದಂತೆ ಹೊರಳಿ
ಮೂತಿಯನ್ನು ಕಾರವಾರಕ್ಕೆ ತಿರುಗಿಸಿ ನಿಲ್ಲುತ್ತದೆ.
ದಿನಕ್ಕೆ ಎಂಟು ಸಲ. ಒಂಬತ್ತು ವರ್ಷ.

ನಾನು ನವಲಗುಂದದವ. ಸಮುದ್ರ ಕಂಡದ್ದು
ಪೋಸ್ಟಿಂಗ್ ಆರ್ಡರು ಹಿಡಿದು ಬಂದ ದಿನವೇ.
‘ಇಷ್ಟು ನೀರೈತಿ, ಒಂದು ಹೊಲಾನೂ ಹಾಯೂದಿಲ್ಲಲ್ಲೊ’
ಎಂದದ್ದಕ್ಕೆ ಡ್ರೈವರ್ ದತ್ತಾರಾಮ ನಕ್ಕು ಗೇರು ಬದಲಿಸಿದ.
ಇಲ್ಲಿಂದ ಹುಬ್ಬಳ್ಳಿಗೆ ರೈಲು ಬರುತ್ತದಂತೆ.
ನನ್ನಪ್ಪ ಸಾಯುವ ಮುಂಚಿನಿಂದಲೂ ಬರುತ್ತಲೇ ಇದೆ.

ಕೋಡಿಬಾಗ. ಆಮೇಲೆ ಕಾಳಿ.
ನದಿಗೆ ಸ್ಟೇಜಿಲ್ಲ. ಆದರೂ ಸೇತುವೆಯ ಮೇಲೆ
ಜನ ಮಾತು ನಿಲ್ಲಿಸುತ್ತಾರೆ,
ಹಳೇ ಸೇತುವೆ ಇದ್ದ ಕಡೆಗೊಮ್ಮೆ ನೋಡಿ
ಬುಟ್ಟಿಯ ಹಿಡಿಯನ್ನು ಗಟ್ಟಿ ಮಾಡಿಕೊಳ್ಳುತ್ತಾರೆ.
ಸದಾಶಿವಗಡ. ಚಿತ್ತಾಕುಲ. ಮಾಜಾಳಿ.
ಇಳೀರಿ ಇಳೀರಿ, ಮುಂದ ರಾಜ್ಯ ಇಲ್ಲ.

ಆಚೆ ಹೋಗುವುದು: ಬಂಗುಡೆ, ಉಳ್ಳಾಗಡ್ಡಿ, ಗೌಂಡಿಗಳು,
ಹೋಟೆಲಿನ ತಾಟು ತೊಳೆಯುವ ಹುಡುಗರು,
ಇನ್ನೂ ಹೆರದ ಹೊಟ್ಟೆಗಳು, ನಿಂತ ಹೃದಯಗಳು.
ದೊಡ್ಡ ಆಸ್ಪತ್ರೆ ಆಚೆಗಿದೆ.
ಈಚೆ ಬರುವುದು: ಪಗಾರ, ಟ್ಯಾಂಕು ತುಂಬಿದ ಸ್ಕೂಟರು,
ಕುಂಬಳಕಾಯಿಯ ಹೊಟ್ಟೆಯೊಳಗೊಂದು ಕ್ವಾರ್ಟರು.
ಗಾರ್ಡ್ ಉಳವಪ್ಪ ಕಾಯಿಗೆ ಬೆರಳಿನಿಂದ ಬಡಿದು
ತಬಲಾದವನಂತೆ ಕಿವಿಗೊಟ್ಟು ಕೇಳುತ್ತಾನೆ.

ಹೆಂಗಸರ ಸೊನ್ನೆ ಟಿಕೆಟು ಇಲ್ಲಿಗೆ ಮುಗಿಯಿತು.
ಸೆರಗಿನ ಗಂಟು ಬಿಚ್ಚುತ್ತ ಗೇಟಿನ ಪಕ್ಕದಿಂದ
ಪೊಳೆಂವರೆಗೆ ನಡೆಯುತ್ತಾರೆ, ಆಚೆಯ ಬಸ್ಸಿಗೆ.
ಬೆನ್ನಿಗೆ ಎಲ್ಲೋ ಸುರಂಗದೊಳಗೆ ರೈಲು
ಯಾರನ್ನೂ ಕೇಳದೆ ದಾಟಿಬಿಡುತ್ತದೆ.

ಮೊನ್ನೆ ಸೋಮವಾರ, ಏಳೂವರೆ ಟ್ರಿಪ್ಪಿನಲ್ಲಿ
ಕಡೇ ಸೀಟಿನ ಮೇಲೆ ಉಳಿದಿತ್ತು
ಖಾಕಿ ಬಣ್ಣದ ದೊಡ್ಡ ಲಕೋಟೆ.
ತೆಗೆದರೆ ಎಕ್ಸರೇ. ಕಿಟಕಿಗೆ ಹಿಡಿದೆ:
ಯಾರದೋ ಎದೆ, ಎಡಗಡೆ ಒಂದು ಬಿಳಿ ಕಲೆ,
ಮೂಲೆಯಲ್ಲಿ ಹೆಸರು: ಹೊನ್ನಪ್ಪ ಹರಿಕಂತ್ರ, ೫೨.
ಚಿತ್ತಾಕುಲದಲ್ಲಿ ಹತ್ತಿದವರು. ಹೆಂಡತಿ ಶೇವಂತಿ
ಅವನ ತೋಳು ಹಿಡಿದಿದ್ದಳು, ಎರಡೂ ಕೈಯಿಂದ.
ಲಕೋಟೆಗೆ ಮೂರನೇ ಕೈ ಇರಲಿಲ್ಲ.

ಓಡಿದೆ. ಕೊರಳಲ್ಲಿ ಟಿಕೆಟ್ ಮಷೀನು ಎಗರುತ್ತ,
ಚಿಲ್ಲರೆ ಚೀಲ ತೊಡೆಗೆ ಬಡಿಯುತ್ತ.
‘ಏನದು, ಏನದು’ ಎಂದ ಉಳವಪ್ಪನಿಗೆ
ಎದೆ, ಎಂದೆ. ಬಿಟ್ಟ.

ಇಷ್ಟು ವರ್ಷ ತೋರುಬೆರಳಿನಿಂದ ತೋರಿಸಿದ ಕಡೆ
ನನ್ನ ಕಾಲು ಹೋದದ್ದು ಅವತ್ತೇ.
ಅದೇ ಡಾಂಬರು. ಬೋರ್ಡಿನ ಅಕ್ಷರ ಮಾತ್ರ ಬೇರೆ.
ಪೆಟ್ರೋಲ್ ಬಂಕಿನ ಎದುರು ಬಸ್ಸು ಹೊರಟೇಬಿಟ್ಟಿತ್ತು,
ಮಡಗಾಂವ ಎಂಬ ಹಣೆಪಟ್ಟಿ, ಬೆನ್ನಿಗೆ ಹೊಗೆ.
ಕೂಗಲು ಉಸಿರಿಲ್ಲ, ಕೂಗುವ ಭಾಷೆಯೂ ತೋಚದೆ
ಸೀಟಿ ಊದಿದೆ, ಒಂದೇ ಉದ್ದನೆಯದು.
ಆ ಡ್ರೈವರನ ಕಾಲು ಬ್ರೇಕಿನ ಮೇಲೆ ಹೋಯಿತು.
ಯಾವ ಕಂಡಕ್ಟರು ಎಂದು ಕಾಲಿಗೇನು ಗೊತ್ತು.

ಕಿಟಕಿಯಿಂದ ಶೇವಂತಿಯ ಕೈ ಬಂತು.
‘ದೇವ್ ಬರೆಂ ಕರುಂ’ ಎಂದಳೋ ಏನೋ,
ಹೊನ್ನಪ್ಪ ನನ್ನತ್ತ ನೋಡಲಿಲ್ಲ,
ಮೊದಲ ಬಾರಿ ಬಸ್ಸು ಹತ್ತಿದ ಮಗುವಿನಂತೆ
ಮುಂದಿನ ಸೀಟಿನ ಕಂಬಿ ನೋಡುತ್ತಿದ್ದ.

ವಾಪಸು ಬರುವಾಗ ಉಳವಪ್ಪ ಅಡ್ಡ ನಿಂತ.
ಆ ಕಡೆಯಿಂದ ಬಂದವರನ್ನು ನೋಡಲೇಬೇಕಂತೆ, ರೂಲ್ಸು.
ಚಿಲ್ಲರೆ ಚೀಲ ತೆರೆದ, ಮೂಗು ಹತ್ತಿರ ತಂದ,
ಆಮೇಲೆ ತನಗೇ ನಾಚಿಕೆಯಾಗಿ
‘ಉಸಿರು ತಗೋ ಮಾರಾಯ’ ಎಂದು ಸೋಡಾ ಕೊಡಿಸಿದ.

ಹನ್ನೆರಡು ನಿಮಿಷ ತಡ. ಟ್ರಿಪ್ ಶೀಟಿನಲ್ಲಿ
ಕಾರಣ ಬರೆಯಬೇಕು. ಇದಕ್ಕೆ ಕಾಲಂ ಇಲ್ಲ.
ದತ್ತಾರಾಮ ಇಂಜಿನು ಚಾಲೂ ಮಾಡಿ ಕಾಯುತ್ತಿದ್ದ.
‘ದನ ಅಡ್ಡ ಬಂದವು’ ಎಂದು ಬರೆದೆ,
ರೈಟ್, ಎಂದೆ.